ಹಳೆಯ ಲೀನಿಯರ್ ಮಾರುವ ಮುನ್ನ

ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವ ಹ್ಯಾಮ್ ರೇಡಿಯೋದವರು, ತಮ್ಮ ಸೆಟ್ಟಿನ ಪವರ್ ಹೆಚ್ಚಿಸುವ ಹಳೆಯ ಲೀನಿಯರ್ ಆಂಪ್ಲಿಫೈಯರ್ ಮಾರಲು ಹೊರಟಾಗ ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: ‘ಚೆನ್ನಾಗಿ ಕೆಲಸ ಮಾಡುತ್ತಿದೆ, ಸಣ್ಣ ತೊಂದರೆ ಇದೆ.’ ಇಂಥ ಯಂತ್ರಗಳನ್ನು ರಿಪೇರಿ ಮಾಡುವ ನನಗೂ ಇದರಿಂದ ಏನೂ ತಿಳಿಯುವುದಿಲ್ಲ, ಕೊಳ್ಳುವವರಿಗೆ ಎಲ್ಲಿಂದ ತಿಳಿಯಬೇಕು? ಗೊತ್ತಿಲ್ಲದ ತೊಂದರೆಯನ್ನು ಎಲ್ಲರೂ ದೊಡ್ಡದೆಂದೇ ಲೆಕ್ಕ ಹಾಕುತ್ತಾರೆ. ಹತ್ತು ರೂಪಾಯಿಯ ರೆಸಿಸ್ಟರ್ ಹೋಗಿದ್ದರೂ, ಪವರ್ ಕೊಡುವ ದುಬಾರಿ ವ್ಯಾಕ್ಯೂಮ್ ಟ್ಯೂಬೇ ಸುಟ್ಟಿದೆ ಎಂಬಂತೆ ರೇಟು ಕೇಳುತ್ತಾರೆ.

ಹೀತ್‌ಕಿಟ್ ಎಸ್‌ಬಿ-220 ಉದಾಹರಣೆ ತಗೊಳ್ಳಿ. 1970ರ ದಶಕದ ಯಂತ್ರ. ಒಳಗೆ ಎರಡು 3-500ಝಡ್ ಟ್ಯೂಬ್, ಎಸ್‌ಎಸ್‌ಬಿಯಲ್ಲಿ (ಅಂದರೆ ಮಾತು ಕಳಿಸುವಾಗ) ಟ್ಯೂಬಿನ ಪ್ಲೇಟಿಗೆ ಸುಮಾರು 3000 ವೋಲ್ಟ್. ಒಬ್ಬರ ಬಳಿ ಇರುವ ಸೆಟ್‌ನಲ್ಲಿ ಎಲ್ಲ ಸರಿ ಇದೆ, ಪವರ್ ಬರುತ್ತದೆ, ಟ್ಯೂಬಿನೊಳಗಿನ ಗ್ರಿಡ್ (ಜಾಲರಿ) ಕರೆಂಟ್ ತೋರಿಸುವ ಮೀಟರ್ ಮಾತ್ರ ಸರಿಯಾಗಿ ತೋರಿಸುವುದಿಲ್ಲ ಅಂತಿಟ್ಟುಕೊಳ್ಳಿ. ಮಾರುವವರು ‘ಮೀಟರ್ ಕೆಟ್ಟಿದೆ, ಅಷ್ಟೇ’ ಎನ್ನುತ್ತಾರೆ. ಆದರೆ ಸಾಮಾನ್ಯವಾಗಿ ಮೀಟರ್ ಕೆಟ್ಟಿರುವುದಿಲ್ಲ. ಅದರ ಸರ್ಕ್ಯೂಟಿನಲ್ಲಿ ಮೀಟರಿಗೆ ಅಡ್ಡಲಾಗಿ ಇರುವ ಸಣ್ಣ ಶಂಟ್ ರೆಸಿಸ್ಟರ್ ಸುಟ್ಟಿರುತ್ತದೆ. ಅದು ತಾನಾಗಿ ಸುಡುವುದು ಅಪರೂಪ. ಟ್ಯೂಬಿನೊಳಗೆ ಯಾವಾಗಲೋ ಆರ್ಕ್ ಆಗಿ (ಕಿಡಿ ಹಾರಿ), ಕೆಪಾಸಿಟರ್‌ಗಳಲ್ಲಿದ್ದ ಚಾರ್ಜೆಲ್ಲ ಒಮ್ಮೆಲೇ ಆ ದಾರಿಯಲ್ಲಿ ಹರಿದಾಗ ಅದು ಹೋಗುತ್ತದೆ. ಅಂದರೆ ನೋಡಬೇಕಾದದ್ದು ಟ್ಯೂಬನ್ನು. ವರ್ಷಗಟ್ಟಲೆ ಮೂಲೆಯಲ್ಲಿ ಕೂತಿದ್ದ ಟ್ಯೂಬಿನೊಳಗೆ ಗ್ಯಾಸ್ ಸೇರಿಕೊಂಡಿರುತ್ತದೆ. ಅದಕ್ಕೆ ಒಂದೇ ಸಲ ಹೈ ವೋಲ್ಟೇಜ್ ಕೊಟ್ಟರೆ ‘ಫಟ್’ ಅಂತ ಹೊಡೆಯುತ್ತದೆ. ಜೊತೆಗೆ, ಶಂಟ್ ಪೂರ್ತಿ ಓಪನ್ ಆಗಿದ್ದರೆ (ಒಳಗೆ ಕಡಿದುಹೋಗಿದ್ದರೆ) ಹೈ ವೋಲ್ಟೇಜಿನ ಮೈನಸ್ ತುದಿಗೆ ಚಾಸಿಯ (ಲೋಹದ ಚೌಕಟ್ಟಿನ) ಆಸರೆ ತಪ್ಪಿ, ಮೀಟರಿನ ತಂತಿಗಳಲ್ಲೇ ಅಪಾಯದ ವೋಲ್ಟೇಜ್ ಕಾಣಿಸಿಕೊಳ್ಳಬಹುದು. ಅಂಥ ಸೆಟ್ ಆನ್ ಮಾಡಿ ತೋರಿಸುವುದೇ ಬೇಡ.

ಇದನ್ನು ಮಾರುವವರು ಹೀಗೆ ಬರೆದರೆ ಸಾಕು: ‘ಗ್ರಿಡ್ ಮೀಟರ್ ಸರಿಯಾಗಿ ತೋರಿಸುತ್ತಿಲ್ಲ. ಶಂಟ್ ಅಳೆದೆ, ಓಪನ್ ಇದೆ. ಟ್ಯೂಬ್ ಹಿಂದೆ ಆರ್ಕ್ ಆಗಿರಬಹುದು. ರಿಪೇರಿ ಮಾಡಿಲ್ಲ.’ ಇಷ್ಟು ಓದಿದ ಅನುಭವಿ ಹ್ಯಾಮ್‌ಗೆ ಏನು ಬದಲಿಸಬೇಕು, ಎಷ್ಟಾಗುತ್ತದೆ ಎಂದು ಗೊತ್ತಾಗುತ್ತದೆ. ಅಳೆಯಲು ಬಾರದಿದ್ದರೆ ‘ಅಳೆದಿಲ್ಲ’ ಅನ್ನಿ, ಅದರಲ್ಲಿ ನಾಚಿಕೆ ಏನಿಲ್ಲ. ಸೈಲೆಂಟ್ ಕೀ ಆದ (ತೀರಿಕೊಂಡ) ಹ್ಯಾಮ್ ಒಬ್ಬರ ಮನೆಯವರು ಅವರ ಶ್ಯಾಕ್ (ರೇಡಿಯೋ ಕೋಣೆ) ಖಾಲಿ ಮಾಡುವಾಗಲಂತೂ ಇದೇ ಸರಿಯಾದ ಮಾತು. ಅವರಿಗೆ ಯಂತ್ರ ಗೊತ್ತಿರುವುದಿಲ್ಲ, ಸುಮ್ನೆ ‘ಚೆನ್ನಾಗಿದೆ’ ಎಂದು ಒಪ್ಪಿಕೊಂಡು ಆಮೇಲೆ ಜಗಳಕ್ಕೆ ಸಿಕ್ಕಿಕೊಳ್ಳುವುದು ಯಾಕೆ?

ಕೆಲವು ‘ದೋಷ’ಗಳು ದೋಷವೇ ಅಲ್ಲ. ಅಮೆರಿಕದಿಂದ ಬಂದ ಹಳೆಯ ಲೀನಿಯರ್‌ನಲ್ಲಿ 10 ಮೀಟರ್ ಬ್ಯಾಂಡ್ ಇಲ್ಲದಿದ್ದರೆ ಬ್ಯಾಂಡ್ ಸ್ವಿಚ್ ಸುಟ್ಟಿದೆ ಎಂದು ಗಾಬರಿ ಬೇಡ. 10 ಮೀಟರಿನ ಪಕ್ಕದಲ್ಲೇ ಇರುವ ಸಿಬಿ (ಸಾರ್ವಜನಿಕರ ಕಿರು ರೇಡಿಯೋ) ಬ್ಯಾಂಡಿನವರು ಲೀನಿಯರ್ ಹಾಕಿ ಹಾವಳಿ ಮಾಡುತ್ತಿದ್ದ ಕಾರಣ 1978ರಲ್ಲಿ ಅಲ್ಲಿನ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 10 ಮೀಟರ್ ಇರುವ ಆಂಪ್ಲಿಫೈಯರ್ ಮಾರುವುದನ್ನು ತಡೆಯಿತು. 2006ರಲ್ಲಿ ಆ ತಡೆ ಹೋಯಿತು. ಹೀತ್‌ಕಿಟ್‌ನ ಎಸ್‌ಬಿ-221 ಆ ಕಾಲದ್ದು, ಅದರಲ್ಲಿ ಆ ಬ್ಯಾಂಡ್ ಇರಲೇ ಇಲ್ಲ. ಬ್ಯಾಂಡ್ ಇದ್ದೂ ಪವರ್ ಬಾರದಿದ್ದರೆ ಮಾತ್ರ ಸ್ವಿಚ್ ಕಾಂಟ್ಯಾಕ್ಟ್ ಕಪ್ಪಾಗಿದೆಯೇ ನೋಡಬೇಕು.

ಇನ್ನು ಕೆಲವು ಸಂಗತಿಗಳನ್ನು ಯಾರೂ ದೋಷ ಎನ್ನುವುದಿಲ್ಲ, ಆದರೆ ಹೇಳದಿದ್ದರೆ ಅನಾಹುತ. ಎಸ್‌ಬಿ-220ಯ ರಿಲೇ ಕೀಯಿಂಗ್ ಲೈನಿನಲ್ಲಿ (ಮಾತಾಡುವಾಗ ಲೀನಿಯರ್ ಚಾಲೂ ಮಾಡುವ ತಂತಿಯಲ್ಲಿ) ಸುಮಾರು 120 ವೋಲ್ಟ್ ಡಿಸಿ ಇರುತ್ತದೆ. ಹಳೆಯ ರಿಗ್‌ಗಳ (ರೇಡಿಯೋ ಸೆಟ್‌ಗಳ) ರಿಲೇಗೆ ಅದು ಲೆಕ್ಕಕ್ಕಿಲ್ಲ. ಇವತ್ತಿನ ಟ್ರಾನ್ಸಿಸ್ಟರ್ ಸ್ವಿಚಿಂಗ್ ಇರುವ ರಿಗ್‌ಗೆ ನೇರ ಜೋಡಿಸಿದರೆ ರಿಗ್‌ನ ಆ ಭಾಗ ಸುಟ್ಟುಹೋಗಬಹುದು. ಮಧ್ಯೆ ಒಂದು ಇಂಟರ್‌ಫೇಸ್ ಬೇಕು. ಹಾಗೆಯೇ ಟ್ರಾನ್ಸ್‌ಫಾರ್ಮರ್ 120 ವೋಲ್ಟಿಗೆ ಜೋಡಿಸಿದೆಯೋ 240ಕ್ಕೋ ಎಂಬುದನ್ನೂ ಹೇಳಬೇಕು. ಪ್ಲಗ್ ನೋಡಿ ಊಹೆ ಮಾಡಬಾರದು, ಪ್ಲಗ್ ಯಾರು ಬೇಕಾದರೂ ಬದಲಿಸಿರುತ್ತಾರೆ.

ಪವರ್ ಕಡಿಮೆ ಆಗಿರುವುದರ ಬಗ್ಗೆ ಮಾರುವವರಿಗೆ ಅಂಜಿಕೆ ಜಾಸ್ತಿ. ನಮ್ಮ ದೇಶದಲ್ಲಿ ಅಷ್ಟು ಅಂಜಬೇಕಿಲ್ಲ. ಇಲ್ಲಿ ಎಚ್‌ಎಫ್‌ನಲ್ಲಿ (ಶಾರ್ಟ್‌ವೇವ್ ಬ್ಯಾಂಡ್‌ಗಳಲ್ಲಿ) ಜನರಲ್ ಗ್ರೇಡ್ ಲೈಸೆನ್ಸಿನ ಮಿತಿ 400 ವ್ಯಾಟ್, ರಿಸ್ಟ್ರಿಕ್ಟೆಡ್ ಗ್ರೇಡಿಗೆ 50 ವ್ಯಾಟ್. ಟ್ಯೂಬ್ ದಣಿದು 600 ವ್ಯಾಟಿಗೆ ಇಳಿದ ಲೀನಿಯರ್ ಕೂಡ ಜನರಲ್ ಗ್ರೇಡಿನವರಿಗೆ ಬೇಕಾದುದಕ್ಕಿಂತ ಹೆಚ್ಚೇ ಕೊಡುತ್ತದೆ. ಆದರೆ ಎರಡು ಟ್ಯೂಬಿನಲ್ಲಿ ಒಂದೇ ದಣಿದಿದ್ದರೆ ಬೇರೆ ಮಾತು, ಅದನ್ನು ಹೇಳಲೇಬೇಕು. ನಿಮ್ಮ ಅಳತೆ ಹೇಗೆ ಮಾಡಿದ್ದೆಂದೂ ಬರೆಯಿರಿ: 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲು ಹಾಕುವ ರೆಸಿಸ್ಟರ್), ಯಾವ ಬ್ಯಾಂಡ್, ರಿಗ್‌ನಿಂದ ಕೊಟ್ಟ ಡ್ರೈವ್ ಎಷ್ಟು, ಆಗ ಮನೆಯ ಕರೆಂಟ್ ಎಷ್ಟು ವೋಲ್ಟ್ ಇತ್ತು. ಸಂಜೆ ಹೊತ್ತು ವೋಲ್ಟೇಜ್ ಕುಸಿಯುವ ಊರಿನಲ್ಲಿ ಅಳೆದರೆ ಒಳ್ಳೆಯ ಟ್ಯೂಬೂ ಸೋತಂತೆ ಕಾಣುತ್ತದೆ, ಅಲ್ವಾ?

ಬೆಲೆ ಕಳೆಯುವಾಗ ಬಿಡಿಭಾಗದ ಬೆಲೆ ಮಾತ್ರ ಕಳೆದರೆ ಸಾಲದು. ಫಿಲ್ಟರ್ ಕೆಪಾಸಿಟರ್‌ಗಳು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿದರೆ ಸಿಗುತ್ತವೆ. ಟ್ಯೂಬ್ ಹಾಗಲ್ಲ, ತರಿಸಬೇಕು, ಕಾಯಬೇಕು, ಬಂದದ್ದು ಚೆನ್ನಾಗಿರುತ್ತದೆಂಬ ಭರವಸೆಯೂ ಇಲ್ಲ. ಟ್ಯೂಬಿನ ಬಗ್ಗೆ ಸಂಶಯ ಇದ್ದರೆ ಟ್ಯೂಬಿಲ್ಲದ ಸೆಟ್ಟಿನ ಬೆಲೆ ಒಂದು, ಇರುವ ಟ್ಯೂಬಿನ ಬೆಲೆ ಒಂದು ಎಂದು ಬೇರೆ ಬೇರೆ ಹೇಳುವುದು ನನಗೆ ಸರಿ ಕಾಣುತ್ತದೆ. ಕೊಳ್ಳುವವರು ತಮ್ಮದೇ ಟ್ಯೂಬ್ ಹಾಕಿಕೊಳ್ಳುತ್ತೇವೆ ಎಂದರೂ ಆಗ ತಕರಾರಿಲ್ಲ.

ಆದಷ್ಟೂ ಕೈಗೆ ಕೈ ಕೊಡಿ. ಹ್ಯಾಮ್‌ಗಳ ಮೇಳವಾದ ಹ್ಯಾಮ್‌ಫೆಸ್ಟ್‌ಗೆ ಬರುವವರಾದರೆ ಅಲ್ಲೇ ಕೊಡಬಹುದು. ಇಪ್ಪತ್ತು ಕೆ.ಜಿ. ದಾಟುವ ಈ ಪೆಟ್ಟಿಗೆಯನ್ನು ಹಾಗೇ ಪಾರ್ಸೆಲ್‌ಗೆ ಹಾಕಿದರೆ ಟ್ರಾನ್ಸ್‌ಫಾರ್ಮರ್ ಚಾಸಿಯನ್ನೇ ಬಗ್ಗಿಸುತ್ತದೆ. ಟ್ರಾನ್ಸ್‌ಫಾರ್ಮರ್ ಬಿಚ್ಚಿ ಬೇರೆ ಡಬ್ಬಿಗೆ, ಟ್ಯೂಬುಗಳನ್ನು ಇನ್ನೊಂದು ಡಬ್ಬಿಗೆ, ನೆಟ್ಟಗೆ ನಿಲ್ಲಿಸಿ. ಬಿಚ್ಚುವ ಮೊದಲು ಪ್ಲಗ್ ಕಿತ್ತು, ಹೈ ವೋಲ್ಟೇಜ್ ಮೀಟರ್ ಸೊನ್ನೆಗೆ ಬರುವವರೆಗೆ ಕಾದು, ಆಮೇಲೂ ಚಾಸಿಗೆ ಜೋಡಿಸಿದ ಡಿಸ್ಚಾರ್ಜ್ ಕಡ್ಡಿಯನ್ನು ಇನ್ಸುಲೇಟೆಡ್ ಹಿಡಿಯಿಂದ ಹಿಡಿದು ಹೈ ವೋಲ್ಟೇಜ್ ತುದಿಗೆ ಮುಟ್ಟಿಸಿ. ಚಾರ್ಜ್ ಇಳಿಸುವ ಬ್ಲೀಡರ್ ರೆಸಿಸ್ಟರ್ ಹೋಗಿದ್ದರೆ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರುತ್ತದೆ.

ದುಡ್ಡು ಪಡೆಯುವ ಮೊದಲು ಕೊಳ್ಳುವವರ ಲೈಸೆನ್ಸ್ ಪ್ರತಿ ಕೇಳಿ. ನಿಜವಾದ ಹ್ಯಾಮ್ ಬೇಸರ ಮಾಡಿಕೊಳ್ಳುವುದಿಲ್ಲ. ನೀವು ಹೇಳಿದ ದೋಷಗಳನ್ನೂ ನಿಮ್ಮ ಅಳತೆಗಳನ್ನೂ ಒಂದು ಹಾಳೆಯಲ್ಲಿ ಬರೆದು, ಸೀರಿಯಲ್ ನಂಬರ್ ಹಾಕಿ, ಇಬ್ಬರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಮ್ಯಾನ್ಯುಯಲ್ ಇದ್ದರೆ ಅದನ್ನೂ ಸೆಟ್ಟಿನ ಜೊತೆಗೇ ಕೊಡಿ.