ಡಿಸ್ಟೋನಿಯಾ ಜಾಗೃತಿ ಸಪ್ತಾಹ: ಘೋಷಣೆಯು ಕಾಯ್ದೆಯಾದಾಗ ಬದಲಾಗುವುದೇನು?

ಅಮೆರಿಕದ ರಾಜ್ಯಗಳಲ್ಲಿ ಡಿಸ್ಟೋನಿಯಾ ಜಾಗೃತಿ ಸಪ್ತಾಹವನ್ನು ಗವರ್ನರ್ ಘೋಷಣೆಗೆ ಬಿಡದೆ ಕಾಯ್ದೆಯಾಗಿಸಿದರೆ ಏನು ಬದಲಾಗುತ್ತದೆ ಎಂಬುದು ಇಲ್ಲಿನ ಪ್ರಶ್ನೆ. ಡಿಸ್ಟೋನಿಯಾ ಎಂಬುದು ಸ್ನಾಯುಗಳು ನಮ್ಮ ಇಚ್ಛೆಯನ್ನು ಮೀರಿ ಬಿಗಿದುಕೊಂಡು ಕುತ್ತಿಗೆ, ಕಣ್ಣೆವೆ, ಧ್ವನಿಪೆಟ್ಟಿಗೆ, ಕೈ ಮುಂತಾದ ಭಾಗಗಳನ್ನು ತಿರುಚುವ ಇಲ್ಲವೇ ಸೆಟೆಯುವಂತೆ ಮಾಡುವ ಚಲನಾ ಕಾಯಿಲೆ. ಎಸೆನ್ಷಿಯಲ್ ಟ್ರೆಮರ್ (ಕೈ ಮುಂತಾದವು ನಡುಗುವ ಕಾಯಿಲೆ) ಮತ್ತು ಪಾರ್ಕಿನ್ಸನ್ ಬಿಟ್ಟರೆ ಹೆಚ್ಚಾಗಿ ಕಾಣಸಿಗುವ ಚಲನಾ ಕಾಯಿಲೆ ಇದೇ ಎನ್ನುತ್ತಾರೆ. ಜರ್ಮನಿಯ ನರವೈದ್ಯ ಹರ್ಮನ್ ಓಪನ್‌ಹೈಮ್ 1911ರಲ್ಲಿಯೇ ಇದಕ್ಕೆ ಹೆಸರಿಟ್ಟರೂ, ಬಹುಕಾಲ ಇದನ್ನು ಮನಸ್ಸಿನ ಕಾಯಿಲೆಯೆಂದೇ ಬಗೆದವರಿದ್ದರು. ಅದಕ್ಕೆ ಕಾರಣವೂ ಇತ್ತು: ಗಲ್ಲವನ್ನು ಬೆರಳಿನಿಂದ ಮುಟ್ಟಿದೊಡನೆ ತಿರುಚಿದ ಕುತ್ತಿಗೆ ಸಡಿಲಗೊಳ್ಳುವುದು, ಪೆನ್ನು ಹಿಡಿದರೆ ಸೆಟೆಯುವ ಕೈಯೇ ಚಮಚ ಹಿಡಿದಾಗ ಸರಿಯಾಗಿರುವುದು, ನೋಡುವವರಿಗೆ ನಟನೆಯಂತೆ ತೋರುತ್ತಿತ್ತು. 1970ರ ದಶಕದಲ್ಲಿ ಲಂಡನ್ನಿನ ನರವೈದ್ಯ ಡೇವಿಡ್ ಮಾರ್ಸ್‌ಡೆನ್ ಇದು ಮಿದುಳಿಗೆ ಸಂಬಂಧಿಸಿದ ಕಾಯಿಲೆಯೆಂದು ಬಲವಾಗಿ ವಾದಿಸಿದರು. 1997ರಲ್ಲಿ ಇದರ ಒಂದು ಬಗೆಗೆ ಕಾರಣವಾದ ಜೀನ್ ಪತ್ತೆಯಾಯಿತು. ಅಮೆರಿಕದಲ್ಲಿ ಕಣ್ಣೆವೆಯ ಸೆಳೆತಕ್ಕೆ, ಬಿಗಿದ ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದಿಗೆ 1989ರಲ್ಲೇ ಒಪ್ಪಿಗೆ ದೊರೆತಿದೆ. ಚಿಕಿತ್ಸೆ ಇದ್ದೂ ಕಾಯಿಲೆಯ ಗುರುತು ಸಿಗದೆ ರೋಗಿ ವೈದ್ಯರಿಂದ ವೈದ್ಯರಿಗೆ ಅಲೆಯುವ ಸ್ಥಿತಿಯಿರುವುದರಿಂದಲೇ ಜಾಗೃತಿ ಸಪ್ತಾಹದ ಬೇಡಿಕೆ ಹುಟ್ಟುತ್ತದೆ.

ಈಗ ಕಾನೂನಿನ ಭಾಗಕ್ಕೆ ಬರೋಣ. ಅಮೆರಿಕದ ರಾಜ್ಯದ ಗವರ್ನರ್ ನಮ್ಮ ರಾಜ್ಯಪಾಲರಂತಲ್ಲ. ಜನರಿಂದ ನೇರವಾಗಿ ಆಯ್ಕೆಯಾದ ಕಾರ್ಯಾಂಗದ ಮುಖ್ಯಸ್ಥರು. ಅವರು ಹೊರಡಿಸುವ ಸಪ್ತಾಹದ ಘೋಷಣೆ ಸಾಮಾನ್ಯವಾಗಿ ಆ ಒಂದು ವರ್ಷಕ್ಕೆ ಮಾತ್ರ ಅನ್ವಯಿಸುತ್ತದೆ, ಮುಂದಿನ ವರ್ಷ ಮತ್ತೆ ಅರ್ಜಿ ಸಲ್ಲಿಸಬೇಕು. ಬರೆಯಲು ಹೊರಟರೆ ಕೈ ಸೆಟೆಯುವವರು ವರ್ಷವರ್ಷವೂ ಅರ್ಜಿ ಬರೆಯಬೇಕಾದ ವಿಪರ್ಯಾಸವನ್ನು ಗಮನಿಸಿ. ಶಾಸನಸಭೆ ಇದನ್ನೇ ಕಾಯ್ದೆಯಾಗಿಸಿದರೆ ಹೊಣೆ ಅರ್ಜಿದಾರರಿಂದ ಸರ್ಕಾರಕ್ಕೆ ವರ್ಗಾವಣೆಯಾಗುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಷ್ಟೇ.

ಮ್ಯಾಸಚೂಸೆಟ್ಸ್ ರಾಜ್ಯದ ಸಾಮಾನ್ಯ ಕಾನೂನುಗಳ 6ನೇ ಅಧ್ಯಾಯದಲ್ಲಿ ಇಂಥ ದಿನಗಳ, ಸಪ್ತಾಹಗಳ ಉದ್ದನೆಯ ಸಾಲೇ ಇದ್ದು, ಗವರ್ನರ್ ಪ್ರತಿವರ್ಷ ಘೋಷಣೆ ಹೊರಡಿಸತಕ್ಕದ್ದು ಎಂಬ ಒಕ್ಕಣೆ ಅಲ್ಲಿ ಮತ್ತೆಮತ್ತೆ ಬರುತ್ತದೆ. 'ಪ್ರತಿವರ್ಷ' ಮತ್ತು 'ತಕ್ಕದ್ದು' ಎಂಬ ಎರಡು ಪದಗಳೇ ಸಪ್ತಾಹವನ್ನು ಶಾಶ್ವತಗೊಳಿಸುವುದು. ನ್ಯೂಜೆರ್ಸಿಯಲ್ಲಿ ಎರಡೂ ಸದನಗಳು ಅಂಗೀಕರಿಸಿ ಗವರ್ನರ್ ಸಹಿ ಹಾಕಿದ ಜಂಟಿ ('ಜಾಯಿಂಟ್') ನಿರ್ಣಯಕ್ಕೆ ಕಾನೂನಿನ ಬಲವಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸಪ್ತಾಹಗಳಿಗೆಂದು ಎರಡೂ ಸದನಗಳು ಸೇರಿ ಅಂಗೀಕರಿಸುವ ಮತ್ತೊಂದು ಬಗೆಯ ('ಕನ್‌ಕರೆಂಟ್') ನಿರ್ಣಯ ಗವರ್ನರ್ ಸಹಿಗೆ ಹೋಗುವುದೇ ಇಲ್ಲ, ಅದಕ್ಕೆ ಕಾನೂನಿನ ಬಲವೂ ಇಲ್ಲ. ಹೆಸರುಗಳ ಹೋಲಿಕೆಯಿಂದ ಇಲ್ಲಿ ಎಡವುವವರೇ ಹೆಚ್ಚು. ಅಂದಹಾಗೆ, ಶಾಶ್ವತ ಎಂದರೆ ಅವಧಿ ನಮೂದಾಗಿಲ್ಲ ಎಂದಷ್ಟೇ ಅರ್ಥ. ಮುಂದಿನ ಶಾಸನಸಭೆ ಬಯಸಿದರೆ ಅದನ್ನು ರದ್ದುಪಡಿಸಬಹುದು.

ಕೇಂದ್ರವನ್ನು ಬಿಟ್ಟು ರಾಜ್ಯಗಳ ಬಾಗಿಲನ್ನೇ ಏಕೆ ತಟ್ಟಬೇಕು ಎಂಬ ಪ್ರಶ್ನೆಗೂ ಉತ್ತರವಿದೆ. ಫೆಬ್ರವರಿಯನ್ನು ಹೃದಯದ ತಿಂಗಳೆಂದು ಪ್ರತಿವರ್ಷ ಘೋಷಿಸುವಂತೆ ಅಮೆರಿಕದ ಅಧ್ಯಕ್ಷರನ್ನು ಕೋರುವ ಒಕ್ಕೂಟ (ಕೇಂದ್ರ) ಕಾನೂನು 1963ರಿಂದಲೂ ಜಾರಿಯಲ್ಲಿದೆ. ಆದರೆ ಇಂಥ ಸ್ಮರಣಾರ್ಥ ಮಸೂದೆಗಳು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಸಮಯವನ್ನು ನುಂಗುತ್ತಿವೆ ಎಂಬ ಕಾರಣಕ್ಕೆ ಅದರ ಕೆಳಮನೆಯಾದ ಪ್ರತಿನಿಧಿ ಸಭೆ 1995ರಲ್ಲಿ ನಿಯಮ ತಂದು, ದಿನ, ವಾರ, ತಿಂಗಳುಗಳನ್ನು ಗೊತ್ತುಪಡಿಸುವ ಮಸೂದೆಗಳ ಮಂಡನೆಯನ್ನೇ ನಿಷೇಧಿಸಿತು. ಮೇಲ್ಮನೆಯಾದ ಸೆನೆಟ್ ಈಗಲೂ ಇಂಥ ನಿರ್ಣಯಗಳನ್ನು ಅಂಗೀಕರಿಸುತ್ತದೆ, ಆದರೆ ಅವು ಕಾನೂನಲ್ಲ.

ಇಂಥ ಕಾಯ್ದೆ ಸಾಮಾನ್ಯವಾಗಿ ಅನುದಾನ ಕೊಡುವುದಿಲ್ಲ, ವಿಮೆಯ ವ್ಯಾಪ್ತಿ ಹಿಗ್ಗಿಸುವುದಿಲ್ಲ, ರೋಗಿಗೆ ಹೊಸ ಹಕ್ಕು ನೀಡುವುದಿಲ್ಲ. ನಮ್ಮ 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅದರ ಅನುಸೂಚಿಯಲ್ಲಿ ಪಾರ್ಕಿನ್ಸನ್ ಕಾಯಿಲೆಯ ಹೆಸರಿರುವುದರಿಂದ ನಿಗದಿತ ಪ್ರಮಾಣದ ಅಂಗವೈಕಲ್ಯವುಳ್ಳ ರೋಗಿ ಪ್ರಮಾಣಪತ್ರಕ್ಕೂ ಅದರ ಸೌಲಭ್ಯಗಳಿಗೂ ಅರ್ಹರಾಗುತ್ತಾರೆ. ಡಿಸ್ಟೋನಿಯಾದ ಹೆಸರು ಆ ಅನುಸೂಚಿಯಲ್ಲಿಲ್ಲ.