ದೆವ್ವದ ಸಿನಿಮಾ ಪೋಸ್ಟರಿನ ಆ ಒಂದು ಸಾಲು

ಪ್ರಶ್ನೆ: ದೆವ್ವದ ಸಿನಿಮಾ ಪೋಸ್ಟರಿನಲ್ಲಿ ಹೆಸರಿನ ಜೊತೆ ಹೆದರಿಸೋ ಸಾಲು ಒಂದಿರುತ್ತದಲ್ಲ, ಅದನ್ನು ಓದಿ ನಿಜವಾಗಿಯೂ ಯಾರಾದರೂ ಟಿಕೆಟ್ ತಗೋತಾರಾ?
– ದಾವಣಗೆರೆಯ ಓದುಗರೊಬ್ಬರು

ಉತ್ತರ: ತಗೋತಾರೆ. ಸಾಲು ಚೆನ್ನಾಗಿರಬೇಕು ಅಷ್ಟೇ.

ನಿಮ್ಮ ಪಿ.ಬಿ. ರಸ್ತೆಯಲ್ಲಿ ಬೈಕಿನಲ್ಲಿ ಹೋಗುವವರಿಗೆ ಗೋಡೆ ಮೇಲಿನ ಪೋಸ್ಟರ್ ಕಾಣೋದೇ ಒಂದೆರಡು ಕ್ಷಣ. ಸ್ಟಾರ್ ಸಿನಿಮಾ ಆದರೆ ಮುಖ ಸಾಕು, ಅಭಿಮಾನಿಗಳು ಬಂದೇ ಬರುತ್ತಾರೆ. ದೆವ್ವದ ಸಿನಿಮಾಗಳಲ್ಲಿ ಜಾಸ್ತಿ ಹೊಸಬರೇ ಇರುತ್ತಾರೆ. ಹೋಗಲಿ, ದೆವ್ವವನ್ನೇ ತೋರಿಸೋಣ ಅಂದರೆ, ಗೋಡೆ ಮೇಲೇ ನೋಡಿಬಿಟ್ಟ ಮೇಲೆ ಟಾಕೀಸಿನಲ್ಲಿ ಹೆದರೋಕೆ ಏನು ಉಳಿಯುತ್ತೆ? ಅದಕ್ಕೇ ಮಾತು ಬೇಕು.

1979ರ ಹಾಲಿವುಡ್ ಸಿನಿಮಾ ‘ಏಲಿಯನ್’ ನೋಡಿ, ಅಂತರಿಕ್ಷದ ಒಂದು ಭಯಂಕರ ಪ್ರಾಣಿಯ ಕಥೆ. ಪೋಸ್ಟರಿನಲ್ಲಿ ಇದ್ದದ್ದು ಕತ್ತಲು, ಒಡೆಯುತ್ತಿರುವ ಒಂದು ಮೊಟ್ಟೆ, ಅದರೊಳಗಿಂದ ಹಸಿರು ಬೆಳಕು. ಅದರ ಜೊತೆ, ಅಂತರಿಕ್ಷದಲ್ಲಿ ನೀವು ಕಿರುಚಿದರೂ ಯಾರಿಗೂ ಕೇಳಿಸಲ್ಲ ಅನ್ನೋ ಅರ್ಥದ ಸಾಲು. ಬರೆದವರು ಬಾರ್ಬರಾ ಗಿಪ್ಸ್. ಗಾಳಿ ಇಲ್ಲದ ಕಡೆ ಶಬ್ದ ಹೋಗಲ್ಲ ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಅದೇ ವಿಷಯ. ಆದರೆ ಅಲ್ಲಿ ಕಿರುಚುತ್ತಿರೋದು ನೀವು! ಪ್ರಾಣಿ ಹೇಗಿದೆ, ಯಾರನ್ನು ಕೊಲ್ಲುತ್ತೆ, ಒಂದನ್ನೂ ಹೇಳಿಲ್ಲ. ಇನ್ನೊಂದು ಲಾಭವೂ ಆಯಿತು. 1977ರ ‘ಸ್ಟಾರ್ ವಾರ್ಸ್’ ನೋಡಿ ಅಂತರಿಕ್ಷ ಅಂದರೆ ಮಕ್ಕಳ ಸಾಹಸ ಅಂದುಕೊಂಡಿದ್ದವರಿಗೆ ಇದು ಬೇರೆ ಸಾಮಾನು ಅಂತ ಮೊದಲೇ ಗೊತ್ತಾಯಿತು. ನನ್ನ ಲೆಕ್ಕದಲ್ಲಿ ಈ ಜಾತಿಯ ಸಾಲುಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. 1979ರಲ್ಲೇ ಬಂದ ನಮ್ಮ ‘ನಾ ನಿನ್ನ ಬಿಡಲಾರೆ’ಗೆ ಸಾಲೇ ಬೇಕಿರಲಿಲ್ಲ, ಹೆಸರೇ ಧಮಕಿ!

ಇನ್ನೊಂದು ದಾರಿ, ಬರಬೇಡಿ ಅನ್ನೋದು. ‘ಗರ್ಭಿಣಿಯರು, ಹೃದಯರೋಗಿಗಳು ನೋಡಬಾರದು’ ಅನ್ನೋ ಮಾತು ನೀವೂ ಕೇಳಿರಬಹುದು. ಬೇಡ ಅಂದರೆ ಕಾಲೇಜು ಹುಡುಗರು ಸುಮ್ನೆ ಇರ್ತಾರಾ? ಗ್ಯಾಂಗ್ ಕಟ್ಟಿಕೊಂಡು ಸೆಕೆಂಡ್ ಶೋಗೇ ಹೋಗುತ್ತಾರೆ. ಅಮೆರಿಕದ ನಿರ್ದೇಶಕ ವಿಲಿಯಂ ಕ್ಯಾಸಲ್ 1958ರಲ್ಲಿ ‘ಮಕಾಬ್ರ್’ ಸಿನಿಮಾ ನೋಡುವಾಗ ಹೆದರಿ ಸತ್ತರೆ 1,000 ಡಾಲರ್ ವಿಮೆ ಕೊಡಿಸುತ್ತೇನೆ ಅಂದಿದ್ದ. 2008ರ ಹಿಂದಿ ‘ಫೂಂಕ್’ ಬಂದಾಗ, ಟಾಕೀಸಿನಲ್ಲಿ ಒಬ್ಬರೇ ಕೂತು ಪೂರ್ತಿ ನೋಡಿದರೆ 5 ಲಕ್ಷ ರೂಪಾಯಿ ಅಂತ ರಾಮ್ ಗೋಪಾಲ್ ವರ್ಮಾ ಸವಾಲು ಹಾಕಿದ್ದರು. ಎರಡೂ ಕಡೆ ಮಾರಿದ್ದು ಕಥೆಯನ್ನಲ್ಲ, ನಿಮ್ಮ ಗುಂಡಿಗೆ ಎಷ್ಟು ಗಟ್ಟಿ ಅನ್ನೋ ಪಂಥವನ್ನು.

ಮೂರನೆಯದು, ಸುದ್ದಿಯ ಹಾಗೆ ಬರೆಯೋದು. 1999ರ ‘ಬ್ಲೇರ್ ವಿಚ್ ಪ್ರಾಜೆಕ್ಟ್’ ಪೋಸ್ಟರಿನಲ್ಲಿ ಇದ್ದದ್ದು ಇಷ್ಟೇ: 1994ರ ಅಕ್ಟೋಬರಿನಲ್ಲಿ ಮೂವರು ವಿದ್ಯಾರ್ಥಿಗಳು ಕಾಡಿನಲ್ಲಿ ಕಾಣೆಯಾದರು, ವರ್ಷದ ನಂತರ ಅವರು ಕ್ಯಾಮೆರಾದಲ್ಲಿ ಸೆರೆಹಿಡಿದ ದೃಶ್ಯಗಳು ಸಿಕ್ಕವು. ಭಯ ಅನ್ನೋ ಪದವೇ ಇಲ್ಲ. ಎಷ್ಟೋ ಜನ ನಿಜ ಅಂತಲೇ ನಂಬಿದರು. ಪುಟ್ಟ ಬಜೆಟ್ಟಿನ ಸಿನಿಮಾ 24 ಕೋಟಿ ಡಾಲರಿಗೂ ಜಾಸ್ತಿ ಗಳಿಸಿತು. ಸಿಕ್ಕ ವಿಡಿಯೊ ಅನ್ನೋ ಇದೇ ವರಸೆಯನ್ನು ಕನ್ನಡದಲ್ಲಿ 2013ರ ‘6-5=2’ ಹಿಡಿಯಿತು.

ಆದರೆ ಸಾಲಿನ ಆಟ ಮೊದಲ ಮೂರ್ನಾಲ್ಕು ದಿನ. ಆಮೇಲೆ ಮಿರ್ಚಿ ಮಂಡಕ್ಕಿ ತಿನ್ನುತ್ತಾ ‘ಏನೂ ಇಲ್ಲಪ್ಪ, ಬರೀ ಸೌಂಡು’ ಅಂತ ಯಾರೋ ಅಂದರೆ ಮುಗೀತು.

ಮುಂದಿನ ಸಲ ಅಂಥ ಪೋಸ್ಟರ್ ಕಂಡರೆ ಸಿನಿಮಾದ ಹೆಸರನ್ನು ಕೈಯಿಂದ ಮುಚ್ಚಿ ಸಾಲು ಮಾತ್ರ ಓದಿ. ‘ಭಯದ ಹೊಸ ರೂಪ’ ಅಂತಲೋ ಏನೋ ಇದ್ದು, ಅದು ಯಾವ ಸಿನಿಮಾಕ್ಕೂ ಒಪ್ಪುತ್ತೆ ಅನ್ನಿಸಿದರೆ, ನಾನಾಗಿದ್ದರೆ ಸೋಮವಾರದವರೆಗೆ ಕಾಯುತ್ತೇನೆ.