ಬಾಯಿ ಕಟ್ಟು ಅನ್ನುವ ಮುಂಚೆ

ಹೋದ ಯುಗಾದಿಗೆ ಪುಣೆಯ ಪಿಂಪ್ರಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ಅವಳ ಹದಿನಾಲ್ಕು ವರ್ಷದ ಮಗ ಎರಡನೇ ಹೋಳಿಗೆಗೆ ಕೈ ಹಾಕಿದ. ಧಾರವಾಡದಿಂದ ಬಂದಿದ್ದ ದೊಡ್ಡಪ್ಪ, "ಸ್ವಲ್ಪ ಬಾಯಿ ಕಟ್ಟೋ ತಮ್ಮಾ" ಅಂದರು. ಹುಡುಗ ಹೋಳಿಗೆಯನ್ನು ವಾಪಸ್ ಬುಟ್ಟಿಗೆ ಇಟ್ಟ. ತುಪ್ಪ ಹತ್ತಿದ ಬೆರಳನ್ನು ಚಡ್ಡಿಗೆ ಒರೆಸಿಕೊಂಡು ಎದ್ದುಹೋದ.

ದಪ್ಪ ಇರುವ ಮಕ್ಕಳಿಗೆ ನಾವೆಲ್ಲ ಹೇಳುವುದು ಇದನ್ನೇ, ಅಲ್ವಾ? ಬಾಯಿಚಪಲ, ಸೋಮಾರಿತನ ಅಂತ. ಆದರೆ ಹಸಿವು ಬರೀ ಬಾಯಿಯ ಕೆಲಸ ಅಲ್ಲ.

ಇದು ಗೊತ್ತಾಗಲು ಶುರುವಾಗಿದ್ದು ಇಲಿಗಳಿಂದ. 1949ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಕೆಲವು ಇಲಿಗಳು ವಿಪರೀತ ತಿಂದು ಉರುಟಾಗುತ್ತಿದ್ದವು. ಮುಂದೆ ಅಲ್ಲಿನ ಡಗ್ಲಾಸ್ ಕೋಲ್ಮನ್ ಅಂಥ ಒಂದು ಇಲಿಯನ್ನೂ ಒಂದು ಸಾಮಾನ್ಯ ಇಲಿಯನ್ನೂ, ಒಂದರ ರಕ್ತ ಇನ್ನೊಂದಕ್ಕೆ ಹರಿಯುವ ಹಾಗೆ ಜೋಡಿಸಿ ಹೊಲಿದರು. ದಪ್ಪ ಇಲಿ ತಿನ್ನುವುದನ್ನು ಕಡಿಮೆ ಮಾಡಿತು. ಅಂದರೆ 'ಸಾಕು' ಅನ್ನುವ ಸುದ್ದಿ ರಕ್ತದಲ್ಲಿ ಬರುತ್ತಿತ್ತು, ಈ ಇಲಿಯಲ್ಲಿ ಅದು ಹುಟ್ಟುತ್ತಲೇ ಇರಲಿಲ್ಲ. ಆ ಸುದ್ದಿ ಯಾವುದು ಅಂತ 1994ರಲ್ಲಿ ಜೆಫ್ರಿ ಫ್ರೀಡ್ಮನ್ ತಂಡ ಕಂಡುಹಿಡಿಯಿತು. ಹೆಸರು ಲೆಪ್ಟಿನ್. ಅದನ್ನು ತಯಾರಿಸುವುದು ನಮ್ಮ ಕೊಬ್ಬೇ. 1997ರಲ್ಲಿ ಇಂಗ್ಲೆಂಡಿನ ವೈದ್ಯರು ಲೆಪ್ಟಿನ್ ಇಲ್ಲದೆ ಹುಟ್ಟಿದ ಇಬ್ಬರು ಮಕ್ಕಳ ಬಗ್ಗೆ ಬರೆದರು. ಆಮೇಲೆ ಇಂಜೆಕ್ಷನ್ ಕೊಟ್ಟಾಗ ಹಸಿವು ಇಳಿಯಿತು, ತೂಕವೂ ಇಳಿಯಿತು.

ಎಲ್ಲರಿಗೂ ಮದ್ದು ಸಿಕ್ಕಿತು ಅಂದುಕೊಂಡರು. ಆದರೆ ದಪ್ಪ ಇರುವ ಹೆಚ್ಚಿನವರಲ್ಲಿ ಲೆಪ್ಟಿನ್ ಕಡಿಮೆ ಅಲ್ಲ, ಜಾಸ್ತಿಯೇ ಇದೆ. ಸುದ್ದಿ ಹೋಗುತ್ತಿದೆ, ಮಿದುಳಿಗೆ ಸರಿಯಾಗಿ ಕೇಳಿಸುತ್ತಿಲ್ಲ. 1999ರಲ್ಲಿ ಜಪಾನಿನಲ್ಲಿ ಇದಕ್ಕೆ ಎದುರಿನ ಹಾರ್ಮೋನೂ ಸಿಕ್ಕಿತು. ಅದು ಗ್ರೆಲಿನ್, ಹೊಟ್ಟೆಯಿಂದ ಹೊರಟು 'ತಿನ್ನು' ಅನ್ನುತ್ತದೆ.

ಹರೆಯ ಇದರ ಮೇಲೆ ಇನ್ನಷ್ಟು ಭಾರ ಹಾಕುತ್ತದೆ. ಮೈನೆರೆಯುವ ಹೊತ್ತಿಗೆ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ನಿನ ಕೆಲಸ ಎಲ್ಲ ಮಕ್ಕಳಲ್ಲೂ ಸ್ವಲ್ಪ ಮಂದವಾಗುತ್ತದೆ. ತಿಂದ ಖುಷಿಗೆ ಕುಣಿಯುವ ಮಿದುಳಿನ ಭಾಗ ಆಗಲೇ ಚುರುಕಾಗಿರುತ್ತದೆ, ತಡೆದು ನಿಲ್ಲಿಸುವ ಮುಂಭಾಗ ಮಾತ್ರ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ರಾತ್ರಿ ಒಂಬತ್ತಕ್ಕೆ ಟ್ಯೂಷನ್ ಬಿಟ್ಟಾಗ ಎದುರಿಗೇ ವಡಾಪಾವ್ ಗಾಡಿ, ಬಾಣಲೆಯಲ್ಲಿ ವಡೆ ಉಬ್ಬುತ್ತಿದೆ, ಹಸಿಮೆಣಸಿನಕಾಯಿ ಕರಿಯುವ ವಾಸನೆ ರಸ್ತೆ ತುಂಬ, ಜೊತೆಗೆ ನಾಲ್ಕು ಗೆಳೆಯರು. ವಡೆ ಬಾಯಿಗೆ ಹೋಗುವ ಮುಂಚೆಯೇ ಆ ವಾಸನೆಗೆ ಮಿದುಳಿನಲ್ಲಿ ಡೋಪಮಿನ್, ಅಂದರೆ 'ಬೇಕು' ಅನ್ನಿಸುವ ರಾಸಾಯನಿಕ, ಏಳುತ್ತದೆ. ಅಲ್ಲಿ ನಿಂತ ಹುಡುಗನಿಗೆ ಬಾಯಿ ಕಟ್ಟು ಅನ್ನುವುದು ಸುಲಭವೇ?

ನಿದ್ದೆಯ ಮಾತೂ ಇದೆ. 2004ರಲ್ಲಿ ಷಿಕಾಗೋದಲ್ಲಿ 12 ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಹತ್ತು ಗಂಟೆ ಹಾಸಿಗೆಯಲ್ಲಿದ್ದಾಗಿನದಕ್ಕೆ ಹೋಲಿಸಿದರೆ ಲೆಪ್ಟಿನ್ 18% ಇಳಿದಿತ್ತು, ಗ್ರೆಲಿನ್ 28% ಏರಿತ್ತು.

ನನಗೆ ಎಲ್ಲಕ್ಕಿಂತ ತಟ್ಟಿದ್ದು ಪುಣೆಯದೇ ಕೆಲಸ. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ತಂಡ 1993ರಲ್ಲಿ ಸುತ್ತಲಿನ ಹಳ್ಳಿಗಳ ತಾಯಂದಿರನ್ನು ಗಮನಿಸಲು ಶುರುಮಾಡಿತು. ಅವರ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳದು 3.5. ನಮ್ಮವು ಸಣಕಲು, ಸ್ನಾಯು ಕಡಿಮೆ. ಆದರೆ ಚರ್ಮದಡಿಯ ಕೊಬ್ಬು ಅಷ್ಟು ಕಡಿಮೆ ಇರಲಿಲ್ಲ! ಯಾಜ್ಞಿಕ್ 2004ರಲ್ಲಿ ತಮ್ಮನ್ನೇ ಉದಾಹರಣೆ ಕೊಟ್ಟರು. ಅವರದೂ ಇಂಗ್ಲೆಂಡಿನ ಸಹೋದ್ಯೋಗಿ ಜಾನ್ ಯಡ್ಕಿನ್ ಅವರದೂ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ, 22.3. ಮೈಕೊಬ್ಬು ಮಾತ್ರ ಯಡ್ಕಿನ್‌ಗೆ 9.1%, ಯಾಜ್ಞಿಕ್‌ಗೆ 21.2%. ಅಂದರೆ ನಮ್ಮಲ್ಲಿ ಈ ಕಥೆ ತಾಯಿಯ ಹೊಟ್ಟೆಯಲ್ಲೇ, ಮಗು ಬಾಯಿ ತೆರೆಯುವ ಮುಂಚೆಯೇ ಶುರುವಾಗಿರುತ್ತದೆ.

ತಿಂಡಿಯದೇನೂ ತಪ್ಪಿಲ್ಲ ಅಂತ ನಾನು ಹೇಳುತ್ತಿಲ್ಲ. ಅಕ್ಕ ಈಗ ಟ್ಯೂಷನ್‌ಗೆ ಮುಂಚೆ ಎರಡು ಜೋಳದ ರೊಟ್ಟಿ, ಕಾಳುಪಲ್ಯ ತಿನ್ನಿಸಿ ಕಳಿಸುತ್ತಾಳೆ. ನಿದ್ದೆ ಕೆಡದಿರಲಿ ಅಂತ ರಾತ್ರಿ ಹತ್ತೂವರೆಗೆ ಅವನ ಮೊಬೈಲ್ ಹೊರಗಿನ ಕೋಣೆಯಲ್ಲಿ. ದೊಡ್ಡಪ್ಪನಿಗೆ ಇಲಿಯ ಕಥೆ ಹೇಳಿದೆ, ಪೂರ್ತಿ ಒಪ್ಪಲಿಲ್ಲ. ಆದರೆ ದೀಪಾವಳಿಗೆ ಬಂದಾಗ ಹುಡುಗನ ತಟ್ಟೆ ನೋಡಲಿಲ್ಲ. "ಸಾಲ್ಯಾಗ ಕಬಡ್ಡಿ ಆಡತೀ ಏನೋ?" ಅಂತ ಕೇಳಿದರು.